ಸಂದರ್ಶನವೋ ಗುಂಪು ಚರ್ಚೆಯೋ: ಮಲೆನಾಡಿನ ಕ್ಷೇತ್ರಕಾರ್ಯಕ್ಕೊಂದು ಟಿಪ್ಪಣಿ

ಗುಣಾತ್ಮಕ ಸಂಶೋಧನೆಯ ಪ್ರಶ್ನೆಗಳಿಗೆ ಉತ್ತರ ಬರೆಯುವಾಗ ನಮ್ಮಲ್ಲಿ ಹಲವರು, ಗುಂಪು ಚರ್ಚೆ ಎಂದರೆ ಎಂಟು ಜನರ ಸಂದರ್ಶನವನ್ನು ಒಂದೇ ಸಲಕ್ಕೆ ಮುಗಿಸುವ ಕ್ರಮ, ಅದರಿಂದ ಸಮಯವೂ ಖರ್ಚೂ ಉಳಿಯುತ್ತದೆ ಎಂದು ಬರೆದುಬಿಡುತ್ತೇವೆ. ಈ ತಿಳಿವಳಿಕೆ ತಪ್ಪು. ಸಂದರ್ಶನದಲ್ಲಿ ಸಿಗುವುದು ಒಬ್ಬರ ಅನುಭವದ ವಿವರ. ಗುಂಪಿನಲ್ಲಿ ಸಿಗುವುದು, ಅದೇ ಅನುಭವವನ್ನು ನಾಲ್ಕು ಜನರ ಎದುರು ಹೇಗೆ ಹೇಳುತ್ತಾರೆ, ಅದನ್ನು ಯಾರು ಒಪ್ಪುತ್ತಾರೆ, ಯಾರು ತಿದ್ದುತ್ತಾರೆ, ಯಾರ ಮಾತು ಬಂದಾಗ ಉಳಿದವರು ಸುಮ್ಮನಾಗುತ್ತಾರೆ ಎಂಬುದರ ವಿವರ.

ಈ ಟಿಪ್ಪಣಿಯುದ್ದಕ್ಕೂ ಶಿವಮೊಗ್ಗ ಜಿಲ್ಲೆಯ ಒಂದೇ ವಿಷಯವನ್ನು ಉದಾಹರಣೆಯಾಗಿ ಇಟ್ಟುಕೊಳ್ಳುತ್ತೇನೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಲಾದ ಮಂಗನ ಕಾಯಿಲೆ ಉಣುಗಿನ ಕಡಿತದಿಂದ ಮನುಷ್ಯರಿಗೆ ಬರುತ್ತದೆ. 2018-19ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡು ಸುತ್ತಮುತ್ತ ಅದು ಜೀವಗಳನ್ನೂ ತೆಗೆದುಕೊಂಡಿತು. ಕಾಡಿಗೆ ಹೋಗುವ ಮೊದಲು ಮೈಗೆ ಹಚ್ಚಿಕೊಳ್ಳಲು ಆರೋಗ್ಯ ಇಲಾಖೆ ಡೆಪಾ ಎಣ್ಣೆ ಕೊಡುತ್ತದೆ. ಎಷ್ಟು ಮಂದಿ ಹಚ್ಚಿಕೊಳ್ಳುತ್ತಾರೆ ಎಂಬುದನ್ನು ಸಮೀಕ್ಷೆಯಿಂದ ಎಣಿಸಬಹುದು. ಬಾಟಲಿ ಮನೆಯಲ್ಲಿದ್ದೂ ಹಚ್ಚಿಕೊಳ್ಳದವರ ಲೆಕ್ಕಾಚಾರ ಏನು ಎಂಬುದು ಗುಣಾತ್ಮಕ ಪ್ರಶ್ನೆ.

ಸಂದರ್ಶನದಲ್ಲಿ ಈ ಪ್ರಶ್ನೆಯನ್ನು ನೇರವಾಗಿ ಕೇಳಿದರೆ ಕೆಲಸ ಕೆಡುತ್ತದೆ. ಅಭ್ಯಾಸಕ್ಕೆಂದು ನಾನು ಮಾಡಿದ ಮೊದಲ ಸಂದರ್ಶನದಲ್ಲಿ, ‘ಕಾಡಿಗೆ ಹೋಗುವಾಗ ಎಣ್ಣೆ ಹಚ್ಚಿಕೊಳ್ಳುತ್ತೀರಲ್ಲವೇ ಅಮ್ಮಾ?’ ಎಂದು ಕೇಳಿದ್ದೆ. ‘ಹೌದು ಮಾರಾಯ್ತಿ, ಹಚ್ಕಳ್ದೆ ಮತ್ತೆ?’ ಎಂಬ ಉತ್ತರ ಬಂತು, ಮಾತು ಅಲ್ಲಿಗೇ ನಿಂತಿತು. ಉತ್ತರವನ್ನು ಪ್ರಶ್ನೆಯೊಳಗೇ ಇಟ್ಟುಕೊಟ್ಟವಳು ನಾನೇ. ಕೊನೆಗೆ, ಹಿಂದಿನ ಸಲ ದರಕು (ಒಣಗಿದ ಎಲೆ) ತರಲು ಹೋದ ದಿನ ಬೆಳಗ್ಗೆ ಎದ್ದಾಗಿನಿಂದ ಏನೇನು ಮಾಡಿದಿರಿ ಹೇಳಿ ಎಂದು ಕೇಳಿದಾಗ, ಕೊಟ್ಟಿಗೆ ಕೆಲಸ, ತಿಂಡಿ, ಹೆಡಿಗೆ, ಕತ್ತಿ ಎಲ್ಲವೂ ಬಂದವು, ಎಣ್ಣೆ ಮಾತ್ರ ಬರಲಿಲ್ಲ. ಆಮೇಲೆ ಅವರೇ ನಕ್ಕು, ಅದರ ವಾಸನೆ ಮತ್ತು ಜಿಡ್ಡು ಬೆವರಿನೊಂದಿಗೆ ಸೇರಿದರೆ ತಡೆಯಲಾಗುವುದಿಲ್ಲ ಎಂದರು. ‘ಸಾಮಾನ್ಯವಾಗಿ ಏನು ಮಾಡುತ್ತೀರಿ’ ಎಂಬುದಕ್ಕಿಂತ ‘ಆ ದಿನ ಏನು ಮಾಡಿದಿರಿ’ ಎಂಬ ಪ್ರಶ್ನೆ ಎಷ್ಟು ಮೇಲು ಎಂದು ನನಗೆ ಗೊತ್ತಾದದ್ದು ಹಾಗೆ. ಅರೆ ರಚಿತ ಸಂದರ್ಶನದ, ಅಂದರೆ ಮುಖ್ಯ ಪ್ರಶ್ನೆಗಳನ್ನು ಮೊದಲೇ ಬರೆದುಕೊಂಡು ಉಳಿದದ್ದನ್ನು ಮಾತಿನ ಹರಿವಿಗೆ ಬಿಡುವ ಸಂದರ್ಶನದ, ಮಾರ್ಗಸೂಚಿಯಲ್ಲಿ ಎಂಟು ಹತ್ತು ಪ್ರಶ್ನೆಗಳಿದ್ದರೆ ಸಾಕು. ಅವನ್ನು ಬರೆದ ಕ್ರಮದಲ್ಲೇ ಕೇಳಬೇಕೆಂದೇನೂ ಇಲ್ಲ. ಉತ್ತರ ಮುಗಿಯಿತೆಂದು ತೋರಿದ ಮೇಲೂ ನಾಲ್ಕೈದು ಸೆಕೆಂಡು ಸುಮ್ಮನಿರುವುದನ್ನು ಮಾತ್ರ ಕಲಿಯಲೇಬೇಕು.

ಗುಂಪು ಚರ್ಚೆಯ ಮೂಲ ತಿಳಿದರೆ ಅದರ ಮಿತಿಯೂ ತಿಳಿಯುತ್ತದೆ. 1941ರಲ್ಲಿ ಅಮೆರಿಕದ ಸಮಾಜಶಾಸ್ತ್ರಜ್ಞ ರಾಬರ್ಟ್ ಮರ್ಟನ್, ಸಹೋದ್ಯೋಗಿ ಪಾಲ್ ಲಾಜರ್ಸ್‌ಫೆಲ್ಡ್ ಅವರ ಆಹ್ವಾನದ ಮೇಲೆ ರೇಡಿಯೊ ಶ್ರೋತೃಗಳ ಅಧ್ಯಯನವೊಂದನ್ನು ನೋಡಲು ಹೋದರು. ಕಾರ್ಯಕ್ರಮ ಮೆಚ್ಚಿಗೆಯಾದಾಗ ಹಸಿರು ಗುಂಡಿಯನ್ನೂ ಮೆಚ್ಚದಿದ್ದಾಗ ಕೆಂಪು ಗುಂಡಿಯನ್ನೂ ಒತ್ತುತ್ತಿದ್ದ ಶ್ರೋತೃಗಳನ್ನು, ಅದು ಮುಗಿದ ಮೇಲೆ, ಯಾವ ಭಾಗಕ್ಕೆ ಏಕೆ ಹಾಗೆ ಅನ್ನಿಸಿತು ಎಂದು ವಿಚಾರಿಸಲಾಗುತ್ತಿತ್ತು. ಆ ವಿಚಾರಣೆಯನ್ನು ಕ್ರಮಬದ್ಧಗೊಳಿಸಿ ಮರ್ಟನ್ ಮತ್ತು ಪೆಟ್ರಿಷಿಯಾ ಕೆಂಡಲ್ 1946ರಲ್ಲಿ ಲೇಖನ ಪ್ರಕಟಿಸಿದರು. ಹೀಗೆ ದೊರೆತದ್ದನ್ನು ಮುಂದೆ ಪರೀಕ್ಷಿಸಬೇಕಾದ ಊಹೆಗಳೆಂದು ಮರ್ಟನ್ ಕಂಡರೇ ಹೊರತು ಅಂತಿಮ ತೀರ್ಮಾನಗಳೆಂದಲ್ಲ. ಇದನ್ನು ಮರೆತು ‘ಎಂಟರಲ್ಲಿ ಆರು ಮಂದಿ’ ಎಂದು ಶೇಕಡಾವಾರು ಲೆಕ್ಕ ಹಾಕುವ ಪ್ರಬಂಧಗಳು ಈಗಲೂ ಬರುತ್ತವೆ.

ಸಾಮಾನ್ಯವಾಗಿ ಆರರಿಂದ ಹತ್ತು ಜನ, ಒಂದರಿಂದ ಒಂದೂವರೆ ಗಂಟೆ, ಒಬ್ಬ ನಿರ್ವಾಹಕ, ಒಬ್ಬ ಟಿಪ್ಪಣಿಕಾರ ಎಂದು ಪಠ್ಯಗಳು ಹೇಳುತ್ತವೆ. ಇದನ್ನು ಮಲೆನಾಡಿಗೆ ತಂದಾಗ ಮೊದಲ ತೊಡಕು ನೆಲದ್ದೇ. ಇಲ್ಲಿ ಮನೆಗಳು ಒತ್ತಾಗಿಲ್ಲ. ತೋಟಕ್ಕೊಂದು ಮನೆ, ನಡುವೆ ಗುಡ್ಡ. ಎಂಟು ಜನರನ್ನು ಕೂಡಿಸಬೇಕಾದರೆ ಯಾರದೋ ಮನೆಯ ಜಗಲಿಯೇ ಗತಿ, ಮತ್ತು ಆ ಜಗಲಿ ಯಾರದು ಎಂಬುದು ಚರ್ಚೆಯ ಅರ್ಧ ಭವಿಷ್ಯವನ್ನು ನಿರ್ಧರಿಸುತ್ತದೆ. ತೋಟದ ಯಜಮಾನರ ಜಗಲಿಯಲ್ಲಿ ಅವರ ಕೂಲಿಯಾಳುಗಳು ಕೂತರೆ, ಮಾತಾಡುವವರು ಯಜಮಾನರು. ಅದಕ್ಕೇ ಒಂದು ಗುಂಪಿನೊಳಗಿನವರು ಸಾಧ್ಯವಾದಷ್ಟು ಸಮಾನ ಸ್ಥಿತಿಯವರಾಗಿರಬೇಕು. ಭೇದಗಳು ಗುಂಪು ಗುಂಪಿನ ನಡುವೆ ಇರಲಿ.

ಅಡಿಕೆ ಸುಲಿಯುವ ಚಪ್ಪರ ನೆನಪಾಗಬಹುದು. ಮೆಟ್ಟುಗತ್ತಿಯ ಮುಂದೆ ಸಾಲಾಗಿ ಕೂತ ಹೆಂಗಸರು ರಾತ್ರಿಯವರೆಗೂ ಮಾತಾಡುತ್ತಲೇ ಇರುತ್ತಾರೆ; ಇದಕ್ಕಿಂತ ಸಹಜವಾದ ಗುಂಪು ಸಿಗದು ಎಂದು ನಾನೂ ಎಣಿಸಿದ್ದೆ. ಆದರೆ ಅಲ್ಲಿ ಕೂಲಿ ಸುಲಿದ ಪ್ರಮಾಣಕ್ಕೆ ತಕ್ಕಂತೆ; ನಮ್ಮ ಪ್ರಶ್ನೆ ಅವರ ಕೈಯನ್ನು ನಿಧಾನಿಸಿದರೆ ನಷ್ಟ ಅವರದು. ಅಡಿಕೆ ತಂದುಕೊಡುವವರು, ಅಳೆದುಕೊಳ್ಳುವವರು ಆಗಾಗ ಬಂದುಹೋಗುತ್ತಾರೆ, ಅವರು ಬಂದಾಗ ಮಾತಿನ ದಾರಿ ಬದಲಾಗುತ್ತದೆ. ಆ ಬದಲಾವಣೆಯೇ ದತ್ತಾಂಶ ಎಂಬುದು ನಿಜ, ಆದರೆ ಅದು ವೀಕ್ಷಣೆಯ ದತ್ತಾಂಶ. ಅದನ್ನು ಗುಂಪು ಚರ್ಚೆ ಎಂದು ವರದಿಯಲ್ಲಿ ಕರೆಯಬಾರದು.

ಎಷ್ಟು ಸಂದರ್ಶನ ಸಾಕು ಎಂಬುದಕ್ಕೆ ಎಲ್ಲರೂ ಹಿಡಿದುಕೊಳ್ಳುವ ಸಂಖ್ಯೆ 12. ಇದು ಗೆಸ್ಟ್, ಬನ್ಸ್ ಮತ್ತು ಜಾನ್ಸನ್ ಅವರ 2006ರ ಲೇಖನದಿಂದ ಬಂದದ್ದು. ಘಾನಾ ಮತ್ತು ನೈಜೀರಿಯಾದ 60 ಸಂದರ್ಶನಗಳನ್ನು ಪರಿಶೀಲಿಸಿದಾಗ, ಮೊದಲ 12ರ ಹೊತ್ತಿಗೇ ಹೆಚ್ಚಿನ ಸಂಕೇತಗಳು (ಮಾತಿನ ತುಣುಕುಗಳಿಗೆ ಸಂಶೋಧಕರು ಕೊಡುವ ವಿಷಯಸೂಚಕ ಹೆಸರುಗಳು) ಕಾಣಿಸಿಕೊಂಡಿದ್ದವು. ಅಲ್ಲಿ ಮಾತಾಡಿದವರು ಬಹುಮಟ್ಟಿಗೆ ಒಂದೇ ಬಗೆಯ ಹಿನ್ನೆಲೆಯವರು, ಪ್ರಶ್ನೆಗಳೂ ಒಂದೇ ಎಂಬುದನ್ನು ಬಿಟ್ಟು ಸಂಖ್ಯೆಯನ್ನಷ್ಟೇ ಎತ್ತಿಕೊಂಡರೆ ಉಪಯೋಗವಿಲ್ಲ. ತೋಟದವರು, ಕೂಲಿಯವರು, ಆಶಾ ಕಾರ್ಯಕರ್ತೆಯರು ಮೂವರನ್ನೂ ಸೇರಿಸಿ ಹನ್ನೆರಡು ಮಾಡಿದರೆ ಒಂದೊಂದು ವರ್ಗಕ್ಕೆ ನಾಲ್ಕೇ ಉಳಿಯುತ್ತವೆ.

ಗೋಪ್ಯತೆಯ ವಿಷಯದಲ್ಲಿ ಎರಡು ವಿಧಾನಗಳೂ ಒಂದೇ ಅಲ್ಲ. ಸಂದರ್ಶನದಲ್ಲಿ ಹೇಳಿದ್ದನ್ನು ನಾನು ಹೊರಗೆ ಬಿಡುವುದಿಲ್ಲ ಎಂದು ಮಾತು ಕೊಡಬಹುದು. ಗುಂಪಿನಲ್ಲಿ ಕೂತ ಉಳಿದ ಏಳು ಜನರ ಪರವಾಗಿ ಹಾಗೆ ಮಾತು ಕೊಡಲಾಗದು, ಮತ್ತು ಅದನ್ನು ಒಪ್ಪಿಗೆ ಪಡೆಯುವಾಗಲೇ ಬಿಡಿಸಿ ಹೇಳಬೇಕು. ಕಾಯಿಲೆಯಿಂದ ಮನೆಯವರನ್ನು ಕಳೆದುಕೊಂಡವರನ್ನು ಗುಂಪಿಗೆ ಕರೆಯಬಾರದು ಎಂಬುದು ನನ್ನ ಅಭಿಪ್ರಾಯ. ಅವರ ಮಾತಿಗೆ ಸಂದರ್ಶನವೇ ಸರಿ, ಅದೂ ಅವರು ಬಯಸಿದರೆ. ಓದು ಬಾರದವರ ಒಪ್ಪಿಗೆಗೆ ಹೆಬ್ಬೆಟ್ಟಿನ ಗುರುತಿನೊಂದಿಗೆ ನಿಷ್ಪಕ್ಷಪಾತಿ ಸಾಕ್ಷಿಯ ಸಹಿ ಬೇಕೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿ ಹೇಳುತ್ತದೆ. ಇನ್ನು ಹೆಸರು ಬದಲಿಸುವುದು: ಹತ್ತು ಮನೆಯ ಊರಿನಲ್ಲಿ ‘ಅಂಗಡಿ ನಡೆಸುವ ಮಹಿಳೆ’ ಎಂದು ಬರೆದರೆ ಹೆಸರು ಬರೆದಂತೆಯೇ.

ಧ್ವನಿಮುದ್ರಣವನ್ನು ಮಳೆಗಾಲದಲ್ಲಿ ತಗಡಿನ ಮಾಡಿನ ಕೆಳಗೆ ಮಾಡಬೇಡಿ; ಒಂದು ಗಂಟೆ ಮಳೆಯ ಸದ್ದಷ್ಟೇ ಮನೆಗೆ ಬರುತ್ತದೆ. ಒಂದು ಗಂಟೆಯ ಸಂದರ್ಶನವನ್ನು ಬರಹಕ್ಕಿಳಿಸಲು ನಾಲ್ಕರಿಂದ ಆರು ಗಂಟೆ ಬೇಕಾಗಬಹುದು, ಮಾತಿನ ಮೇಲೆ ಮಾತು ಬೀಳುವ ಗುಂಪು ಚರ್ಚೆಗೆ ಅದಕ್ಕಿಂತ ಹೆಚ್ಚು. ಹಾಗೆ ಇಳಿಸುವಾಗ ‘ಹಚ್ಕಳ್ದೆ ಮತ್ತೆ’ ಎಂಬುದನ್ನು ‘ಹಚ್ಚಿಕೊಳ್ಳುತ್ತೇನೆ’ ಎಂದು ಗ್ರಂಥಸ್ಥ ಕನ್ನಡಕ್ಕೆ ತಿದ್ದಿದರೆ, ಆ ಮಾತಿನಲ್ಲಿದ್ದ ಸಣ್ಣ ಜಾರಿಕೊಳ್ಳುವಿಕೆ ಅಳಿಸಿಹೋಗುತ್ತದೆ. ನಗು, ತಡವರಿಕೆ, ಯಾರೋ ಒಳಗಿನಿಂದ ಕರೆದಾಗ ನಿಂತುಹೋದ ವಾಕ್ಯ, ಇವನ್ನೆಲ್ಲ ಆವರಣದಲ್ಲಿ ಗುರುತಿಸಿಡಿ. ಟಿಪ್ಪಣಿಕಾರರು ಬರೆದುಕೊಂಡ ಆಸನಗಳ ನಕ್ಷೆಯನ್ನು ಅದೇ ಕಡತಕ್ಕೆ ಸೇರಿಸಿ.