ಎರಡು ಮಿಲಿಮೀಟರಿನ ಹಗಲು

ಮೆಕ್ಸಿಕೋದ ಗೆರೆರೋ ನೆಗ್ರೋದಲ್ಲಿ ದೊಡ್ಡದೊಂದು ಉಪ್ಪಿನ ಆಗರವಿದೆ. ಅಲ್ಲಿನ ಕೆಲವು ಕೊಳಗಳಲ್ಲಿ ಉಪ್ಪು ಎಷ್ಟು ಜಾಸ್ತಿಯೆಂದರೆ ಮೇಯುವ ಹುಳಹುಪ್ಪಟೆ ಉಳಿಯುವುದೇ ಕಷ್ಟ. ತಿನ್ನುವವರಿಲ್ಲ, ಹಾಗಾಗಿ ತಳದಲ್ಲಿ ಸೂಕ್ಷ್ಮಜೀವಿಗಳು ಸೆಂಟಿಮೀಟರುಗಟ್ಟಲೆ ದಪ್ಪದ ಹಾಸು ಕಟ್ಟಿಕೊಂಡಿವೆ. ಬ್ಯಾಕ್ಟೀರಿಯಾ ಅಂದರೆ ಕಾಯಿಲೆ, ಪಾಚಿ ಅಂದರೆ ಗಲೀಜು ಎನ್ನುವವರಿಗೆ ಇದರ ಒಂದು ತುಂಡನ್ನು ಕೊಯ್ದು ತೋರಿಸಬೇಕು. ಮೇಲೆ ತೆಳುವಾದ ಕಂದು, ಅದರಡಿಯಲ್ಲಿ ಸೈನೋಬ್ಯಾಕ್ಟೀರಿಯಾದ ಕಡುಹಸಿರು ಎಳೆಗಳು.

ಹಗಲಿನಲ್ಲಿ ಈ ಎಳೆಗಳು ಬಿಸಿಲು ಕುಡಿದು ಆಮ್ಲಜನಕ ಬಿಡುತ್ತವೆ. ಅದು ಇಳಿಯುವುದು ಸುಮಾರು ಎರಡು ಮಿಲಿಮೀಟರ್, ಒಂದು ನಾಣ್ಯದ ದಪ್ಪದಷ್ಟು ಮಾತ್ರ. ಅದರ ಕೆಳಗಿನ ಬ್ಯಾಕ್ಟೀರಿಯಾಗಳು ಆಮ್ಲಜನಕದ ಬದಲು ಸಮುದ್ರದ ನೀರಿನಲ್ಲಿರುವ ಸಲ್ಫೇಟ್ ಎಂಬ ಗಂಧಕದ ಲವಣವನ್ನೇ ಉಸಿರಾಡುತ್ತವೆ. ಉಸಿರು ಬಿಟ್ಟರೆ ಕೊಳೆತ ಮೊಟ್ಟೆ ನಾತದ ಹೈಡ್ರೋಜನ್ ಸಲ್ಫೈಡ್. ನಮಗೆ ಅದು ವಿಷ. ಆದರೆ ಮೇಲಿಂದ ಇಳಿದ ಆಮ್ಲಜನಕ, ಕೆಳಗಿಂದ ಏರಿದ ಸಲ್ಫೈಡ್ ಎರಡೂ ಸೇರುವ ಗೆರೆಯಲ್ಲಿ ಗಂಧಕದ ಬ್ಯಾಕ್ಟೀರಿಯಾಗಳಿಗೆ ಅದೇ ಊಟ. ಅವು ತಿಂದು ಮುಗಿಸಿದಾಗ ಸಲ್ಫೇಟ್ ವಾಪಸ್ ಸಿಗುತ್ತದೆ. ಕತ್ತಲಾದರೆ ಆಮ್ಲಜನಕ ಬೇಗನೆ ಖಾಲಿ. ಗೆರೆ ಮೇಲಕ್ಕೆ ಬರುತ್ತದೆ. ಬೆಜಿಯಟೋವಾ ಎಂಬ ಬಿಳಿ ಎಳೆಗಳು ಅದರ ಹಿಂದೆಯೇ ತೆವಳುತ್ತಾ ಏರಿ, ಬೆಳಗಾದ ಮೇಲೆ ಕೆಳಗಿಳಿಯುತ್ತವೆ.

ಸಲ್ಫೇಟ್ ಉಸಿರಾಡುವವಕ್ಕೆ ಆಮ್ಲಜನಕ ಆಗಿಬರುವುದಿಲ್ಲ ಎಂದು ಎಲ್ಲರೂ ನಂಬಿದ್ದರು. 1991ರಲ್ಲಿ ಕ್ಯಾನ್‌ಫೀಲ್ಡ್ ಮತ್ತು ಡೆ ಮರೇ ಎಂಬ ವಿಜ್ಞಾನಿಗಳು ಇಲ್ಲಿನ ಹಾಸುಗಳನ್ನು ಅಳೆದು ನೋಡಿದರು. ಆಮ್ಲಜನಕ ತುಂಬಿದ ಮೇಲಿನ ಪದರದಲ್ಲೇ, ನಡುಹಗಲಲ್ಲೇ, ಅವು ಕೆಲಸ ಮಾಡುತ್ತಿದ್ದವು. ವೇಗವೂ ರಾತ್ರಿಯಷ್ಟೇ!

ಇನ್ನು ಇಲ್ಲಿ ಯಾರ್‍ಯಾರಿದ್ದಾರೆ ಎಂಬ ಲೆಕ್ಕ. ಜೇಡ, ಏಡಿ, ಚಿಟ್ಟೆ ಇಷ್ಟೂ ಸೇರಿ ಪ್ರಾಣಿಗಳಲ್ಲಿ ಒಂದೇ ಫೈಲಮ್, ಅಂದರೆ ಒಂದೇ ದೊಡ್ಡ ಗುಂಪು, ಅಲ್ವಾ? 2006ರಲ್ಲಿ ರೂತ್ ಲೇ ಮತ್ತು ಜೊತೆಗಾರರು ಈ ಹಾಸಿನ ಡಿಎನ್ಎ ಓದಿದಾಗ ಬ್ಯಾಕ್ಟೀರಿಯಾಗಳದ್ದೇ 42 ಫೈಲಮ್ ಸಿಕ್ಕವು. ಅದರಲ್ಲಿ 15 ಅಲ್ಲಿಯವರೆಗೆ ಯಾರಿಗೂ ಗೊತ್ತಿರಲಿಲ್ಲ. ಕಣ್ಣಿಗೆ ಕಾಣುವುದು ಸೈನೋಬ್ಯಾಕ್ಟೀರಿಯಾದ ಹಸಿರು, ಸಂಖ್ಯೆಯಲ್ಲಿ ಮುಂದಿದ್ದದ್ದು ಕ್ಲೋರೋಫ್ಲೆಕ್ಸಿ ಎಂಬ ಇನ್ನೊಂದು ಫೈಲಮ್.

ರಾತ್ರಿ ಈ ಹಾಸುಗಳಿಂದ ಹೈಡ್ರೋಜನ್ ಕೂಡ ಹೊರಬೀಳುತ್ತದೆ. ಟೋರಿ ಹೋಲರ್ ಮತ್ತು ಸಂಗಡಿಗರು 2001ರಲ್ಲಿ ಇದನ್ನು ಅಳೆದು ದೊಡ್ಡ ಮಾತೊಂದನ್ನು ಮುಂದಿಟ್ಟರು. ಇಂಥ ಹಾಸುಗಳು ಹಿಂದೆ ಭೂಮಿಯ ತುಂಬ ಹರಡಿದ್ದಾಗ ಹಗುರವಾದ ಆ ಹೈಡ್ರೋಜನ್ ಬಾಹ್ಯಾಕಾಶಕ್ಕೆ ಹಾರಿಹೋಗಿ, ಅದರೊಡನೆ ಸೇರಿ ಖರ್ಚಾಗಬಹುದಿದ್ದ ಆಮ್ಲಜನಕ ಇಲ್ಲೇ ಉಳಿಯಲು ಅದೂ ಒಂದು ಕಾರಣವಾಗಿರಬಹುದು.