ಗುಳ್ಳೆ ಸುಳ್ಳು ಹೇಳುವುದಿಲ್ಲ

ಮುರುಡೇಶ್ವರದಿಂದ ನೇತ್ರಾಣಿ ದ್ವೀಪಕ್ಕೆ ಸುಮಾರು 19 ಕಿಲೋಮೀಟರ್. ಸಮುದ್ರ ಶಾಂತವಾಗಿದ್ದರೂ ನಮ್ಮ ದೋಣಿಗೆ ಒಂದು ಗಂಟೆಯ ಮೇಲೇ ಬೇಕು. ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿ ಜನರನ್ನು ನೀರೊಳಗೆ ಕರೆದೊಯ್ಯುವ ಸ್ಕೂಬಾ ಡೈವಿಂಗ್ ನನ್ನ ಕೆಲಸ; ಅದರಲ್ಲಿ ಅರ್ಧ ಆ ಒಂದು ಗಂಟೆಯಲ್ಲೇ ಮುಗಿದಿರುತ್ತದೆ. ಅಲ್ಲಿವರೆಗೆ ಹರಟುತ್ತಿದ್ದವರು ಯಾರು ಸುಮ್ಮನಾದರು, ಯಾರು ಬೇಕಂತಲೇ ಜೋರಾಗಿ ನಗುತ್ತಿದ್ದಾರೆ, ಬೆಳಿಗ್ಗೆ ಮಸಾಲೆ ದೋಸೆ ಬಾರಿಸಿ ಬಂದು ಈಗ ದೋಣಿಯ ಅಂಚಿಗೆ ಬಾಗಿದವರು ಯಾರು, ಎಲ್ಲ ನೋಡಿಕೊಳ್ಳುತ್ತೇನೆ.

ಎಲ್ಲರೂ ಕೇಳುವುದು ಒಂದೇ: "ಸರ್, ಈಜು ಬರಲ್ಲ, ಪರವಾಗಿಲ್ವಾ?" ಮೊದಲ ಸಲದ ಸ್ಕೂಬಾಕ್ಕೆ ಪರವಾಗಿಲ್ಲ. ಜಾಕೆಟ್‌ಗೆ ಗಾಳಿ ತುಂಬಿದರೆ ನೀವು ತೇಲುತ್ತೀರಿ, ಪಕ್ಕದಲ್ಲಿ ನಾನಿರುತ್ತೇನೆ. ನಿಜ ಹೇಳಬೇಕೆಂದರೆ, ಬಾವಿಗೆ ಹಾರಿ ಈಜು ಕಲಿತವರೇ ನನಗೆ ಒಮ್ಮೊಮ್ಮೆ ಹೆಚ್ಚು ಕಷ್ಟ. ತಲೆ ನೀರಿಗೆ ಹೋದ ಕೂಡಲೇ ಉಸಿರು ಕಟ್ಟುವುದು ಅವರಿಗೆ ಚಿಕ್ಕಂದಿನ ಅಭ್ಯಾಸ. ಸ್ಕೂಬಾದಲ್ಲಿ ಮಾಡಬಾರದ ಮೊದಲನೇ ಕೆಲಸವೇ ಅದು. 10 ಮೀಟರ್ ಆಳದಲ್ಲಿ ಒತ್ತಡ ಮೇಲಿನದರ ಎರಡು ಪಟ್ಟು. ಅಲ್ಲಿ ಶ್ವಾಸಕೋಶದ ತುಂಬ ಎಳೆದುಕೊಂಡ ಗಾಳಿ ಮೇಲೆ ಬರುವಷ್ಟರಲ್ಲಿ ಎರಡರಷ್ಟು ಹಿಗ್ಗುತ್ತದೆ. ಬಾಯಿ ಬಿಗಿಹಿಡಿದು ಮೇಲೆ ಹಾರಿದರೆ ಆ ಗಾಳಿಗೆ ಹೋಗಲು ದಾರಿಯಿಲ್ಲ, ಶ್ವಾಸಕೋಶವೇ ಹರಿಯಬಹುದು. ಒಂದೆರಡು ಮೀಟರ್ ಆಳವೂ ಇದಕ್ಕೆ ಸಾಕು. "ಬರೀ ಐದಾರು ಮೀಟರ್ ತಾನೇ" ಅನ್ನುವವರಿಗೆ ಇದನ್ನು ಎರಡು ಸಲ ಹೇಳುತ್ತೇನೆ. (ಬೆನ್ನ ಮೇಲಿರುವುದು ಆಕ್ಸಿಜನ್ ಸಿಲಿಂಡರ್ ಅಲ್ಲ, ನಾವು ದಿನಾ ಉಸಿರಾಡುವ ಗಾಳಿಯನ್ನೇ ಒತ್ತಿ ತುಂಬಿದ್ದು ಅಂತಲೂ ಹೇಳುತ್ತೇನೆ. ಯಾರೂ ನಂಬುವುದಿಲ್ಲ.)

ಆರೋಗ್ಯದ ಫಾರ್ಮ್ ಕೊಟ್ಟರೆ ಓದದೆಯೇ ಎಲ್ಲದಕ್ಕೂ 'ಇಲ್ಲ' ಅಂತ ಟಿಕ್ ಹಾಕುತ್ತಾರೆ. ಒಬ್ಬರು ಅಸ್ತಮಾ ಇಲ್ಲವೆಂದು ಸಹಿ ಹಾಕಿ, ಫೋನ್ ಒಳಗಿಡಲು ಬ್ಯಾಗಿನ ಜಿಪ್ ತೆಗೆದಾಗ ಇನ್‌ಹೇಲರ್ ಉರುಳಿ ನನ್ನ ಕಾಲ ಬಳಿಗೇ ಬಂತು. ನೀರಿಗಿಳಿಸಲಿಲ್ಲ, ವಾಪಸ್ ಬರುವವರೆಗೂ ಅವರು ನನ್ನ ಹತ್ತಿರ ಮಾತಾಡಲಿಲ್ಲ. ನೆಗಡಿಯ ಮಾತ್ರೆ ನುಂಗಿ ಬರುವವರದು ಇನ್ನೊಂದು ಕಥೆ. ಮಾತ್ರೆಯ ಜೋರಿನಲ್ಲಿ ಕೆಳಗೆ ಇಳಿದುಬಿಡುತ್ತಾರೆ, ಆಮೇಲೆ ಅದರ ಪರಿಣಾಮ ಇಳಿದು ಮೂಗು ಕಟ್ಟಿದರೆ ಮೇಲೆ ಬರುವಾಗ ಕಿವಿಯೊಳಗಿನ ಗಾಳಿ ಅಲ್ಲೇ ಸಿಕ್ಕಿಕೊಳ್ಳುತ್ತದೆ. ಸಂಜೆಯೇ ಗೋವಾದಿಂದ ವಿಮಾನ ಇದೆ ಅನ್ನುವವರಿಗೂ ಬೇಡ ಅನ್ನುತ್ತೇನೆ. ಒಂದೇ ಡೈವ್ ಆದರೂ ವಿಮಾನ ಹತ್ತಲು ಕನಿಷ್ಠ 12 ಗಂಟೆ ಬಿಡಬೇಕು.

ಇಳಿಯುವಾಗ ಕಿವಿಯ ಮೇಲೆ ಬೀಳುವ ಒತ್ತಡವನ್ನು ಸರಿದೂಗಿಸುವ ಪಾಠ ಹಗ್ಗದ ಮೇಲೆ. ಕಟ್ಟಿದ ಹಗ್ಗ ಹಿಡಿದು ಅರ್ಧ ಮೀಟರ್, ಮೂಗು ಹಿಡಿದು ಮೆಲ್ಲಗೆ ಊದಿ. ಇನ್ನರ್ಧ ಮೀಟರ್, ಮತ್ತೆ ಊದಿ. ನೋವು ಬಂದ ಮೇಲೆ ಊದಿದರೆ ತಡವಾಯಿತು. ಕಿವಿ ಬಿಡಲಿಲ್ಲವೆಂದರೆ ಒಂದು ಗೇಣು ಮೇಲೆ ಬಂದು ಮತ್ತೆ ನೋಡುವುದು. ಜೋರಾಗಿ ಊದಿ ಗೆಲ್ಲುವ ಆಟವಲ್ಲ ಇದು.

ಶುರುವಿನ ವರ್ಷಗಳಲ್ಲಿ ನಾನು ಕೈಸನ್ನೆಯನ್ನು ನಂಬುತ್ತಿದ್ದೆ. ಒಬ್ಬ ಹುಡುಗ, ಜಿಮ್ ಮೈಕಟ್ಟು, ದೋಣಿಯಲ್ಲಿ "ಭಯಾನಾ? ನಂಗಾ?" ಅಂದವನು. ಕೆಳಗೆ ಕೇಳಿದಾಗಲೆಲ್ಲ ಬೆರಳು ಸುತ್ತಿ 'ಓಕೆ' ತೋರಿಸಿದ. ಐದು ಮೀಟರ್‌ನಲ್ಲಿ ಕ್ಯಾಮೆರಾದವನು ಎದುರು ಬಂದ, ಅವನಿಗೂ 'ಓಕೆ'. ಮರುಕ್ಷಣ, ಸಿಲಿಂಡರಿನ ಗಾಳಿ ಬಾಯಿಗೆ ಕೊಡುವ ರೆಗ್ಯುಲೇಟರನ್ನೇ ಬಾಯಿಂದ ಕಿತ್ತ. ಅದನ್ನು ಬಾಯಿಗೆ ತುರುಕಿ, ಅದರ ಗುಂಡಿ ಒತ್ತಿ ಗಾಳಿ ಬಿಟ್ಟು, ಜಾಕೆಟ್ ಹಿಡಿದು ನಿಧಾನಕ್ಕೆ ಮೇಲೆ ತಂದೆ. ಏನೂ ಆಗಲಿಲ್ಲ. ಆದರೆ ಅವತ್ತಿನ ವಿಡಿಯೋ ಹಾಕಿ ನೋಡಿದಾಗ ನನಗೇ ನಾಚಿಕೆಯಾಯಿತು. ಕೈ ಓಕೆ ಅನ್ನುತ್ತಿತ್ತು; ಮಾಸ್ಕಿನೊಳಗೆ ಕಣ್ಣು ಅರಳಿ ದೊಡ್ಡದಾಗಿತ್ತು; ಗುಳ್ಳೆಗಳು ಒಂದಕ್ಕೊಂದು ಅಂಟಿಕೊಂಡು ಬಿಡುವಿಲ್ಲದೆ ಏಳುತ್ತಿದ್ದವು. ನಾನು ಹಿಂದಿನಿಂದ ಸಿಲಿಂಡರ್ ಹಿಡಿದು ಅವನ ಬೆನ್ನು ನೋಡುತ್ತಿದ್ದೆ.

ಈಗ ಪಕ್ಕಕ್ಕೆ, ಸ್ವಲ್ಪ ಮುಂದೆ ಇರುತ್ತೇನೆ. ಹಿಂದಿನಿಂದ ಹಿಡಿದರೆ ಫೋಟೋ ಚೆಂದ ಬರುತ್ತದೆ, ಮುಖ ಕಾಣುವುದಿಲ್ಲ. ಒಂದು ದೊಡ್ಡ ಗೊಂಚಲು ಗುಳ್ಳೆ, ಬಿಡುವು, ಮತ್ತೊಂದು ಗೊಂಚಲು: ಇವರು ಆರಾಮಾಗಿದ್ದಾರೆ. ಸಣ್ಣ ಸಣ್ಣ ಗುಳ್ಳೆ ಒಂದೇ ಸಮನೆ ಬಂದರೆ ಏದುಸಿರು. ಅಲ್ಲೇ ನಿಲ್ಲಿಸಿ, ನನ್ನ ಕಣ್ಣು ನೋಡಿಸಿ, ಅಂಗೈ ಮೇಲೆ ಕೆಳಗೆ ಮಾಡುತ್ತಾ ಜೊತೆಗೆ ಉಸಿರಾಡಿಸುತ್ತೇನೆ. ಗುಳ್ಳೆಯೇ ಇಲ್ಲವೆಂದರೆ ಉಸಿರು ಕಟ್ಟಿದ್ದಾರೆ, ಕೂಡಲೇ ಎಚ್ಚರಿಸಬೇಕು. ಹೆಬ್ಬೆರಳೆತ್ತಿ 'ಸೂಪರ್' ಅನ್ನುವವರೂ ಇದ್ದಾರೆ. ನೀರೊಳಗೆ ಅದರರ್ಥ ಮೇಲೆ ಹೋಗೋಣ. ಎಷ್ಟೋ ಜನ ಖುಷಿಯಲ್ಲೇ ಅರ್ಧ ಡೈವ್ ಕಳೆದುಕೊಂಡಿದ್ದಾರೆ.

ಹೋದ ಸೀಸನ್‌ನಲ್ಲಿ ದಾವಣಗೆರೆಯ ಅಕ್ಕ ಒಬ್ಬರು ಏಣಿ ಬಿಡಲೇ ಇಲ್ಲ. ಮೂರು ಸಲ ಮುಖ ಮುಳುಗಿಸಿ ಮೂರು ಸಲವೂ ಎದ್ದರು. ಯಜಮಾನರು ದೋಣಿಯಿಂದ, "ದುಡ್ಡು ಕೊಟ್ಟೀವಲ್ಲ, ಇಳಿಸ್ರೀ" ಅಂದರು. "ಬೇಡ ಅಂದ್ರೆ ಬೇಡ ಸರ್" ಅಂದೆ. ಸಿಲಿಂಡರ್ ಬಿಚ್ಚಿಸಿ, ಲೈಫ್ ಜಾಕೆಟ್ ತೊಡಿಸಿ, ಮಾಸ್ಕು ಮತ್ತು ಮುಖ ಮುಳುಗಿಸಿಯೇ ಉಸಿರಾಡುವ ಕೊಳವೆ, ಸ್ನಾರ್ಕೆಲ್, ಕೊಟ್ಟು, ಹಗ್ಗ ಹಿಡಿದು ತೇಲಲು ಹೇಳಿದೆ. ಹತ್ತು ನಿಮಿಷ ತಲೆ ಎತ್ತಲಿಲ್ಲ. ಎತ್ತಿದವರೇ, "ತಮ್ಮಾ, ಆ ನೀಲಿ ಮೀನು ಕಲ್ಲನ್ನ ಕಟಕಟ ಅಂತ ತಿಂತೈತಲ್ಲ, ಅದರ ಹೆಸರೇನು?" ಅಂದರು.

ಗಿಳಿಮೀನು ಅಂದೆ. ಮತ್ತೆ ಮುಖ ಮುಳುಗಿಸಿದರು.