ನೀರು ಕವಲೊಡೆಯುವ ಏಣಿನ ಮೇಲೊಂದು ಹೆದ್ದಾರಿ

ಸಕಲೇಶಪುರ ತಾಲ್ಲೂಕಿನಲ್ಲಿ ಬಿಸಿಲೆಯ ಕಡೆಗೆ ಸಾಗುವಾಗ ಮಂಕನಹಳ್ಳಿಯ ಬಳಿ ಒಂದು ಕಲ್ಲು ಸಿಗುತ್ತದೆ. ಅದರ ಒಂದು ಬದಿಗೆ ಬಂಗಾಳ ಕೊಲ್ಲಿ, ಇನ್ನೊಂದು ಬದಿಗೆ ಅರಬ್ಬಿ ಸಮುದ್ರ ಎಂದು ಇಂಗ್ಲಿಷಿನಲ್ಲಿ ಬರೆದಿದೆ. ಕಲ್ಲಿನ ಆಚೆಗೆ ಬಿದ್ದ ಮಳೆ ಹೇಮಾವತಿಯನ್ನು ಸೇರಿ, ಗೊರೂರಿನ ಅಣೆಕಟ್ಟೆಯನ್ನು ದಾಟಿ, ಕಾವೇರಿಯೊಡನೆ ಪೂರ್ವದ ಕಡಲಿಗೆ ಹೋಗುತ್ತದೆ. ಮಾರು ದೂರದಲ್ಲಿ ಈಚೆಗೆ ಬಿದ್ದದ್ದು ಕುಮಾರಧಾರೆಗೆ ಇಳಿದು, ಉಪ್ಪಿನಂಗಡಿಯಲ್ಲಿ ನೇತ್ರಾವತಿಯನ್ನು ಕೂಡಿ, ಮಂಗಳೂರಿನ ಅಳಿವೆಯಲ್ಲಿ ಪಶ್ಚಿಮದ ಕಡಲನ್ನು ಮುಟ್ಟುತ್ತದೆ.

ಬೆಂಗಳೂರು–ಜಾಲ್ಸೂರು ರಾಜ್ಯ ಹೆದ್ದಾರಿ 85 ಘಟ್ಟ ಇಳಿಯುವುದು ಈ ಸೀಮೆಯಲ್ಲೇ. ಹಾಸನ ಜಿಲ್ಲೆಯನ್ನು ಹಾದು ಬಂದ ರಸ್ತೆ ಕೂಡುರಸ್ತೆ, ಬಿಸಿಲೆ ಎಂಬ ಊರುಗಳ ಮೂಲಕ ಕುಲ್ಕುಂದಕ್ಕೆ ಇಳಿದು ಸುಬ್ರಹ್ಮಣ್ಯವನ್ನು ತಲುಪುತ್ತದೆ. ಹೆದ್ದಾರಿಯೆಂಬ ಹೆಸರು ಈಚಿನದು, ಘಟ್ಟದ ದಾರಿಗಳು ಬಹಳ ಹಳೆಯವು. ಕರಾವಳಿಯ ಉಪ್ಪು ಮೇಲಕ್ಕೂ ಮೇಲ್ಘಟ್ಟದ ಅಕ್ಕಿ ಕೆಳಕ್ಕೂ ಎತ್ತುಗಳ ಬೆನ್ನೇರಿ ಹೋಗುತ್ತಿದ್ದ ಕಾಲವಿತ್ತು. ಹೇರು ಹೊತ್ತ ಎತ್ತು ಕಡಿದಾದ ಜಾಡನ್ನೂ ಹತ್ತೀತು, ಗಾಡಿ ಹತ್ತಲಾರದು. ಚಕ್ರದ ಬಂಡಿಗೆ ದಾರಿ ಮಾಡಬೇಕಾದಾಗಲೇ ಇಳಿಜಾರಿನ ಲೆಕ್ಕ ಶುರುವಾಯಿತು. 20 ಅಡಿ ಮುಂದೆ ಸಾಗುವಷ್ಟರಲ್ಲಿ 1 ಅಡಿ ಇಳಿಯಬೇಕೆಂದರೆ, 700 ಮೀಟರ್ ಕೆಳಗಿಳಿಯಲು 14 ಕಿಲೋಮೀಟರ್ ರಸ್ತೆ ಬೇಕು. ಕಣಿವೆಯ ತಳ ಕಣ್ಣೆದುರಿಗೇ ಇದ್ದರೂ ದಾರಿ ಮಡಿಕೆ ಮಡಿಕೆಯಾಗಿ ಸುತ್ತುವುದು ಈ ಉದ್ದವನ್ನು ಬೆಟ್ಟದ ಮೈಮೇಲೆ ಹೊಂದಿಸುವುದಕ್ಕಾಗಿ.

ಹಾಸನದ ನೆಲದಡಿಯ ಬಂಡೆ ಬಹು ಪುರಾತನವಾದದ್ದು. ಗೊರೂರಿನ ಸುತ್ತಲಿನ ‘ನೈಸ್’ ಎಂಬ ಪಟ್ಟೆಪಟ್ಟೆಯ ಶಿಲೆಯ ವಯಸ್ಸು ಸುಮಾರು 330 ಕೋಟಿ ವರ್ಷ. ಘಟ್ಟದ ಕಡಿದಾದ ಅಂಚು ಅದರ ಮುಂದೆ ಎಳೆಯ ಕೂಸು: ಸುಮಾರು 9 ಕೋಟಿ ವರ್ಷಗಳ ಹಿಂದೆ ಮಡಗಾಸ್ಕರ್ ನಮ್ಮ ಭೂಭಾಗದಿಂದ ಬೇರ್ಪಟ್ಟ ನಂತರ ಮೂಡಿದ್ದು. ಅಂದಿನಿಂದ ಮಳೆ ಆ ಅಂಚನ್ನು ಕೊರೆಯುತ್ತಲೇ ಇದೆ. ಕಡಲಿನಿಂದ ಬಂದ ಮುಂಗಾರಿನ ಗಾಳಿ ಇಲ್ಲಿ ಮೇಲೇರಿ, ತಣಿದು, ಹೊತ್ತ ನೀರನ್ನು ಸುರಿದುಬಿಡುತ್ತದೆ. ಆ ನೀರು ಬಂಡೆಯ ಬಿರುಕುಗಳಿಗಿಳಿದು ಕಲ್ಲನ್ನು ನಿಧಾನವಾಗಿ ಕೆಂಪು ಮಣ್ಣಾಗಿಸುತ್ತದೆ.

ರಸ್ತೆಗಾಗಿ ಧರೆ ಕಡಿದಾಗ ಬಯಲಾಗುವುದು ಈ ಮಣ್ಣೇ. ಮರದ ಬೇರುಗಳು ಹಿಡಿದಿಟ್ಟಿದ್ದ ಇಳಿಜಾರಿನ ಬುಡ ಕತ್ತರಿಸಿಹೋಗುತ್ತದೆ. ಮಳೆನೀರು ಮಣ್ಣಿನ ಕಣಗಳ ನಡುವೆ ತುಂಬಿದಂತೆ ಅದರ ತೂಕ ಹೆಚ್ಚುತ್ತದೆ, ಕಣಗಳು ಒಂದನ್ನೊಂದು ಹಿಡಿದುಕೊಳ್ಳುವ ಬಲ ಮಾತ್ರ ಕುಗ್ಗುತ್ತದೆ. ಧರೆ ಜರಿಯುವುದು ಆಗ. 2019ರ ಆಗಸ್ಟ್ ಮಳೆಯಲ್ಲಿ ಚಾರ್ಮಾಡಿ ಘಾಟಿ ಹಲವೆಡೆ ಕುಸಿದದ್ದನ್ನು ಮಲೆನಾಡು ಮರೆತಿಲ್ಲ.

ಡಾಂಬರಿಗೂ ನೀರೇ ಶತ್ರು. ಕಲ್ಲಿಗೆ ಡಾಂಬರಿಗಿಂತ ನೀರಿನ ಮೇಲೆ ಒಲವು ಹೆಚ್ಚು. ಸಣ್ಣ ಬಿರುಕಿನಿಂದ ಒಳಹೊಕ್ಕ ನೀರು ಜಲ್ಲಿಗೂ ಡಾಂಬರಿಗೂ ನಡುವೆ ನುಸುಳಿ ಅವೆರಡನ್ನೂ ಬಿಡಿಸುತ್ತದೆ, ಮೇಲೆ ಲಾರಿ ಹರಿದಾಗ ಚಕ್ರದ ಒತ್ತಡಕ್ಕೆ ಅದೇ ನೀರು ಚಿಮ್ಮಿ ಜಲ್ಲಿಯನ್ನು ಕಿತ್ತೆಸೆಯುತ್ತದೆ. ಬಿಸಿಲೆಯ ಘಟ್ಟಭಾಗಕ್ಕೆ ಕಾಂಕ್ರೀಟ್ ಹಾಕಿದ್ದು ಈ ದೃಷ್ಟಿಯಿಂದ ಒಳ್ಳೆಯ ಕೆಲಸವೇ. ಆದರೆ ಕಾಂಕ್ರೀಟಿನ ಹಾಸು ಎಷ್ಟೇ ಗಟ್ಟಿಯಾಗಿರಲಿ, ಅದರ ಅಂಚಿನ ಮಣ್ಣು ಕೊಚ್ಚಿಹೋದರೆ ಭಾರ ಹೊರಲು ತಳವೇ ಇಲ್ಲದಂತಾಗುತ್ತದೆ. ಆದ್ದರಿಂದ ಈ ದಾರಿಯ ಜೀವ ಇರುವುದು ಪಕ್ಕದ ಚರಂಡಿಯಲ್ಲಿ ಮತ್ತು ಅಡಿಯ ಮೋರಿಯಲ್ಲಿ ಎಂಬುದು ನನ್ನ ದೃಢವಾದ ನಂಬಿಕೆ.

ಆಷಾಢದ ಒಂದು ಮಧ್ಯಾಹ್ನ ಅಲ್ಲಿನ ಮೋರಿಯೊಂದರ ಬಳಿ ನಿಂತು ನೋಡಿದ್ದೆ. ತರಗೆಲೆ, ಒಂದೆರಡು ಕೊಂಬೆ, ಅವುಗಳಿಗೆ ಸಿಕ್ಕ ಕೆಸರು ಸೇರಿ ಬಾಯಿ ಅರ್ಧ ಕಟ್ಟಿತ್ತು. ಒಳಗೆ ಹೋಗಲಾರದ ಕೆಂಪು ನೀರು ರಸ್ತೆಯನ್ನು ಅಡ್ಡಹಾಯ್ದು, ಕೆಳ ಅಂಚಿನಲ್ಲಿ ಬೆರಳಗಲದ ಕೊರಕಲು ಮಾಡಿ ಕಣಿವೆಗೆ ಬೀಳುತ್ತಿತ್ತು. ರಸ್ತೆ ಕೆಲಸದವರೊಬ್ಬರು ಬಂದು ಗುದ್ದಲಿಯಿಂದ ನಾಲ್ಕಾರು ಬಾರಿ ಎಳೆದು ಕಸ ತೆಗೆದರು. ಮೋರಿ ಗುಳುಗುಳು ಎಂದು ನೀರು ಕುಡಿಯತೊಡಗಿತು, ಸ್ವಲ್ಪ ಹೊತ್ತಿನಲ್ಲೇ ರಸ್ತೆಯ ಮೇಲಿನ ಹರಿವು ನಿಂತಿತು. ಅವರು ಗುದ್ದಲಿಯನ್ನು ಹೆಗಲಿಗೇರಿಸಿಕೊಂಡು ಕೆಳಗಿನ ತಿರುವಿನ ಮೋರಿಯತ್ತ ನಡೆದರು.